ಹೆಸರು ಬೇಡದ ಉಪಕಾರ

ಮುರ್ಡೇಶ್ವರಕ್ಕೆ ಬಂದವರು ಕಂದುಕಗಿರಿಯ 123 ಅಡಿ ಎತ್ತರದ ಶಿವಮೂರ್ತಿಯನ್ನೂ 20 ಅಂತಸ್ತಿನ ರಾಜಗೋಪುರವನ್ನೂ ಕತ್ತೆತ್ತಿ ನೋಡುತ್ತಾರೆ. ಕಟ್ಟಿಸಿದವರು ಯಾರೆಂದು ಕೇಳಿದರೆ ಆರ್. ಎನ್. ಶೆಟ್ಟರ ಹೆಸರನ್ನು ಊರಿನ ಮಕ್ಕಳೂ ಹೇಳುತ್ತಾರೆ. ದೊಡ್ಡ ಕೆಲಸಕ್ಕೆ ಹೆಸರು ಸೇರಿಕೊಳ್ಳುವುದು ಸಹಜ, ನ್ಯಾಯವೂ ಹೌದು. ಆದರೆ ಅದೇ ಯಾತ್ರಿಕನು ಬಿಸಿಲಿನಲ್ಲಿ ಬಾಯಾರಿ, ದಾರಿಬದಿಯಲ್ಲಿಟ್ಟ ಕೊಡದಿಂದ ಒಂದು ಲೋಟ ನೀರು ಕುಡಿದರೆ, ಅದನ್ನು ತುಂಬಿಟ್ಟವರು ಯಾರೆಂದು ಕೇಳುವುದಿಲ್ಲ. ತುಂಬಿಟ್ಟವರಿಗೂ ಕುಡಿದವನ ಗುರುತಿಲ್ಲ. ಇಂಥ ಉಪಕಾರದಲ್ಲಿ ಒಂದು ವಿಶೇಷವಾದ ಸಂತೋಷವಿದೆ. ಅದು ಎಂಥದೆಂದು ಸ್ವಲ್ಪ ವಿಚಾರ ಮಾಡೋಣ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ‘ಆಸರಿಗೆ ಏನು ಬೇಕು’ ಎಂದು ಕೇಳಿ ಬೆಲ್ಲ-ನೀರು ಕೊಡುವುದು ವಾಡಿಕೆ. ಅದು ಮುಖ ನೋಡಿ ಮಾಡುವ ಸತ್ಕಾರ. ಮುಖ ನೋಡದೆ ಮಾಡುವ ಸತ್ಕಾರವೇ ಅರವಟ್ಟಿಗೆ. ಈ ಮಾತಿನ ಮೊದಲಲ್ಲಿರುವ ‘ಅಱ’ ಎಂಬುದಕ್ಕೆ ಹಳಗನ್ನಡದಲ್ಲಿ ಧರ್ಮವೆಂದೇ ಅರ್ಥ. ಬಾಯಾರಿದವನ ಕುಲ, ಊರು, ಹೆಸರು ಯಾವುದನ್ನೂ ವಿಚಾರಿಸದೆ ನೀರು ಕೊಡುವುದನ್ನು ನಮ್ಮ ಹಿರಿಯರು ಧರ್ಮವೆಂದು ಕರೆದರು.

ಹಳೆಯ ಕಾಲುದಾರಿಗಳ ಹೊರೆಗಲ್ಲು ಇದಕ್ಕಿಂತಲೂ ಸೂಕ್ಷ್ಮವಾದದ್ದು. ಎರಡು ಕಲ್ಲುಕಂಬ, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ, ಇಷ್ಟೇ. ತಲೆಹೊರೆಯನ್ನು ನೆಲಕ್ಕಿಳಿಸಿದರೆ ಮತ್ತೆ ಎತ್ತಿಕೊಳ್ಳಲು ಇನ್ನೊಬ್ಬರ ಕೈ ಬೇಕು. ನಿರ್ಜನವಾದ ದಾರಿಯಲ್ಲಿ ಆ ಕೈ ಎಲ್ಲಿಂದ ಬರಬೇಕು? ಆಳೆತ್ತರದ ಚಪ್ಪಡಿಯಾದರೆ ಹೊರೆಯನ್ನು ಅದರ ಮೇಲೆ ಸರಿಸಿ, ದಣಿವಾರಿಸಿಕೊಂಡು, ಒಬ್ಬನೇ ಮತ್ತೆ ತಲೆಗೇರಿಸಿಕೊಳ್ಳಬಹುದು. ಕಲ್ಲು ನಿಲ್ಲಿಸಿದವನು ತಾನೆಂದೂ ಕಾಣದ ದಾರಿಹೋಕನಿಗೆ ತನ್ನ ಕೈಯನ್ನೇ ಅಲ್ಲಿ ಬಿಟ್ಟುಹೋದಂತಾಯಿತು.

ಗುರುತಿನವರಿಗೆ ಉಪಕಾರ ಮಾಡಿದಾಗ ಕೃತಜ್ಞತೆಯ ಲೆಕ್ಕ ನಮಗರಿವಿಲ್ಲದೆಯೇ ಶುರುವಾಗುತ್ತದೆ. ‘ಅಷ್ಟು ಮಾಡಿದೆ, ಕಂಡರೂ ಮಾತಾಡಿಸಲಿಲ್ಲ’ ಎಂದು ಮನಸ್ಸು ಕಹಿಯಾಗುವುದುಂಟು. ಪಡೆದವನಿಗೂ ಋಣದ ಭಾರ. ಹೆಸರಿಲ್ಲದ ಉಪಕಾರದಲ್ಲಿ ಈ ಎರಡೂ ತೊಡಕುಗಳಿಲ್ಲ. ಸಂತೋಷವು ಕೆಲಸದಲ್ಲಿಯೇ ಪೂರ್ಣವಾಗಿರುತ್ತದೆ. ಕೊಡುವುದರಿಂದ ಸಂತೋಷ ಬರುತ್ತದೆಂಬುದಕ್ಕೆ ಶಾಸ್ತ್ರೀಯ ಪರೀಕ್ಷೆಯೂ ನಡೆದಿದೆ. 2008ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ ಕೆಲವರಿಗೆ 5 ಅಥವಾ 20 ಡಾಲರು ಕೊಟ್ಟು, ಸಂಜೆಯೊಳಗೆ ಖರ್ಚು ಮಾಡಲು ಹೇಳಿದರು. ತಮಗಾಗಿ ಖರ್ಚು ಮಾಡಿದವರಿಗಿಂತ ಪರರಿಗಾಗಿ ಖರ್ಚು ಮಾಡಿದವರೇ ಹೆಚ್ಚು ಸಂತುಷ್ಟರಾಗಿದ್ದರು. ಮೊತ್ತ ಐದೋ ಇಪ್ಪತ್ತೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ.

ಇಂದಿನ ಹೊರೆಗಲ್ಲು ಯಾವುದೆಂದರೆ ರಕ್ತದಾನವೆನ್ನಬಹುದು. ನಮ್ಮ ದೇಶದಲ್ಲಿ 1998ರ ಜನವರಿ 1ರಿಂದ ಹಣಕ್ಕೆ ರಕ್ತ ಮಾರುವುದು ನಿಷಿದ್ಧವಾಗಿದೆ. ರೋಗಿಯು ದಾನಿಗಳನ್ನೇ ನಂಬಿರಬೇಕು. ಒಮ್ಮೆಗೆ ತೆಗೆಯುವುದು 350 ಅಥವಾ 450 ಮಿಲಿಲೀಟರು. ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಕೆಂಪು ಕಣಗಳನ್ನು ಹೆಚ್ಚೆಂದರೆ ಸುಮಾರು 42 ದಿನ ಕಾಪಾಡಿಡಬಹುದಾದ್ದರಿಂದ ಕೊಡುವವರು ಬರುತ್ತಲೇ ಇರಬೇಕು. ಆ ಸೀಸೆ ಬಾಣಂತಿಗೆ ಹೋಯಿತೋ, ರಸ್ತೆಯಲ್ಲಿ ಗಾಯಗೊಂಡ ಲಾರಿ ಚಾಲಕನಿಗೆ ಹೋಯಿತೋ, ಕೊಟ್ಟವರಿಗೆ ತಿಳಿಯದು.

ಕೊನೆಯದಾಗಿ ಒಂದು ಮಾತು. ಬಡ ಹುಡುಗನನ್ನು ವೇದಿಕೆಗೆ ಕರೆದು, ನಾಲ್ಕು ಪುಸ್ತಕ ಕೈಗಿತ್ತು, ಭಾವಚಿತ್ರ ತೆಗೆಯಿಸುವುದನ್ನು ಮೂವತ್ತು ವರ್ಷದ ಉಪಾಧ್ಯಾಯ ವೃತ್ತಿಯಲ್ಲಿ ಅನೇಕ ಸಲ ನೋಡಿದ್ದೇನೆ. ಕೊಟ್ಟವರು ಕೆಟ್ಟವರಲ್ಲ, ಆದರೆ ಹುಡುಗ ತಲೆ ತಗ್ಗಿಸಿರುತ್ತಾನೆ. ಅದೇ ಪುಸ್ತಕಗಳನ್ನು ಉಪಾಧ್ಯಾಯರ ಕೈಯಲ್ಲಿ ಸದ್ದಿಲ್ಲದೆ ಕೊಟ್ಟುಹೋದರೆ ಅವನು ಎಲ್ಲರಂತೆ ಬೆಂಚಿನ ಮೇಲೆ ಕುಳಿತು ಓದುತ್ತಾನೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಹಿರಿಯರು ಹೇಳಿದ್ದು ಕೊಡುವವನ ಪುಣ್ಯಕ್ಕಾಗಿ ಮಾತ್ರವಲ್ಲ, ಪಡೆಯುವವನ ಮಾನಕ್ಕಾಗಿಯೂ ಹೌದು. ಬರುವ ಬೇಸಗೆಯಲ್ಲಿ ನಿಮ್ಮ ಮನೆಯ ಗೇಟಿನ ಹೊರಗೆ ಒಂದು ಮಣ್ಣಿನ ಹೂಜಿ, ಒಂದು ಲೋಟ ಇಟ್ಟು ನೋಡಿ. ಸಂಜೆ ಹೂಜಿ ಬರಿದಾಗಿದ್ದರೆ ನಿಮಗೇ ತಿಳಿಯುತ್ತದೆ.