ಸಪ್ತಾಹ ಮುಗಿದ ಮೇಲೆ

ಸಪ್ತಾಹವೆಂಬ ಮಾತು ನಮ್ಮ ಹಳಿಯಾಳ-ಜೋಯಿಡಾ ಸೀಮೆಯವರಿಗೆ ಹೊಸದೇನೂ ಅಲ್ಲ. ದೇವಸ್ಥಾನದಲ್ಲಿ ಏಳು ಹಗಲು ಏಳು ರಾತ್ರಿ ಭಜನೆ ಎಡೆಬಿಡದೆ ನಡೆಯಬೇಕು. ದೀಪ ನಂದಬಾರದು, ತಾಳ ನಿಲ್ಲಬಾರದು. ಇದು ಭಕ್ತಿಯೊಂದರಿಂದಲೇ ಸಾಗುವ ಕೆಲಸವಲ್ಲ, ಪಾಳಿಯಿಂದ ಸಾಗುವುದು. ಇಂಥ ಮನೆಯವರಿಗೆ ಇಂಥ ಹೊತ್ತು ಎಂದು ಹಿರಿಯರು ಮೊದಲೇ ಗೊತ್ತುಮಾಡಿರುತ್ತಾರೆ. ನಡುರಾತ್ರಿ ಎರಡು ಗಂಟೆಯ ಪಾಳಿ ಬಂದವನು ಕಂಬಳಿ ಹೊದ್ದು, ಕಣ್ಣುಜ್ಜಿಕೊಳ್ಳುತ್ತ ಬಂದು ತಾಳ ಹಿಡಿಯುತ್ತಾನೆ. ಅವನ ಕಂಠ ಇಂಪಾಗಿರಬೇಕೆಂದು ಯಾರೂ ಕೇಳುವುದಿಲ್ಲ; ಬಂದರೆ ಸಾಕು.

ಸ್ವಾತಂತ್ರ್ಯ ಬಂದ ಮೇಲೆ ಸರಕಾರವೂ ಸಪ್ತಾಹಗಳನ್ನು ಹೂಡಿತು. 1950ರಲ್ಲಿ ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದ ಕೆ. ಎಂ. ಮುನ್ಶಿಯವರು ಜುಲೈ ತಿಂಗಳ ಮೊದಲ ವಾರವನ್ನು ವನಮಹೋತ್ಸವಕ್ಕೆಂದು ಮೀಸಲಿಟ್ಟರು. ಮುನ್ಶಿಯವರು ಗುಜರಾತಿಯ ಹೆಸರಾಂತ ಕಾದಂಬರಿಕಾರರೂ ಹೌದು. ‘ವೃಕ್ಷಾರೋಪಣ ಕಾರ್ಯಕ್ರಮ’ ಎಂದು ಬರೆದು ಕೈತೊಳೆದುಕೊಳ್ಳಬಹುದಾಗಿದ್ದ ಕಡೆ ‘ಮಹೋತ್ಸವ’ ಎಂಬ ಮಾತು ಬಂದದ್ದರಲ್ಲಿ ಸಾಹಿತಿಯ ಕೈ ಕಾಣುತ್ತದೆಂದು ನನಗನ್ನಿಸುತ್ತದೆ. ಆ ಬಳಿಕ ಅಕ್ಟೋಬರ್ 2ರಿಂದ 8ರವರೆಗಿನ ವನ್ಯಜೀವಿ ಸಪ್ತಾಹ ಬಂತು. 1973ರಿಂದ ಜೂನ್ 5ರ ವಿಶ್ವ ಪರಿಸರ ದಿನವೂ ಸೇರಿಕೊಂಡಿತು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳಲ್ಲಿ ಇವನ್ನು ಆಚರಿಸದ ಶಾಲೆ-ಕಾಲೇಜು ಇರಲಾರದು. ಮೆರವಣಿಗೆ, ಭಾಷಣ, ಪ್ರಬಂಧಸ್ಪರ್ಧೆ, ಮತ್ತೆ ಒಂದಷ್ಟು ಗಿಡ.

ಜುಲೈಯಲ್ಲಿ ನಮ್ಮ ಕಡೆ ಗಿಡ ನೆಡುವುದು ದೊಡ್ಡ ಪರಾಕ್ರಮವಲ್ಲ. ಬೇಲಿಗೆ ನೆಟ್ಟ ಗೂಟವೂ ಚಿಗುರುವ ಕಾಲ ಅದು. ನೀರೆರೆಯುವವರು ಬೇಡ, ನೆರಳು ಮಾಡುವವರು ಬೇಡ. ಗಿಡಕ್ಕೆ ಪರೀಕ್ಷೆ ಬರುವುದು ಮಾರ್ಚಿಯಲ್ಲಿ, ನಮ್ಮ ವಿದ್ಯಾರ್ಥಿಗಳಿಗೆ ಬರುವ ಹೊತ್ತಿಗೇ. ಆಗ ಗಿಡದ ಬಳಿ ಯಾರೂ ಇರುವುದಿಲ್ಲ.

ದಾಂಡೇಲಿಯಲ್ಲಿ ಈ ಸಪ್ತಾಹಗಳಿಗೆ ಬೇರೆಡೆ ಇರದ ಒಂದು ಅರ್ಥವಿದೆ. ಇಲ್ಲಿ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆಯ ಕಂಪನಿ ಹುಟ್ಟಿದ್ದು 1955ರಲ್ಲಿ; ದಾಂಡೇಲಿಯ ಕಾಡನ್ನು ಅಭಯಾರಣ್ಯವೆಂದು ಸಾರಿದ್ದು 1956ರಲ್ಲಿ. ಕಾಡನ್ನು ಬಳಸಿಕೊಳ್ಳುವ ನಿರ್ಧಾರ, ಕಾಡನ್ನು ಕಾಯುವ ನಿರ್ಧಾರ ಎರಡೂ ಒಂದೇ ವರ್ಷದ ಅಂತರದಲ್ಲಿ ಬಂದವು. ಹುಲಿಗಳ ಕಾಡೇ 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂಬ ನದಿಯ ಹೆಸರನ್ನು ಪಡೆಯಿತು. ಕಾರ್ಖಾನೆಯೂ ಅದೇ ನದಿಯ ದಂಡೆಯಲ್ಲಿದೆ.

ಕಾರ್ಖಾನೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕನ್ನಡದ ಅಧ್ಯಾಪಕನಿಗೆ ಕಾಗದವಿಲ್ಲದೆ ಅನ್ನವಿಲ್ಲ. ನನ್ನ ಎಂ.ಎ. ಟಿಪ್ಪಣಿಗಳೂ, ಕಪಾಟಿನಲ್ಲಿರುವ ಪುಸ್ತಕಗಳೂ ಒಂದು ಕಾಲಕ್ಕೆ ಎಲ್ಲಿಯೋ ಬಿದಿರೋ ಮರವೋ ಆಗಿದ್ದಂಥವೇ. ಆದರೆ ಆ ಬಿದಿರಿನ ಕಥೆಯನ್ನು ವಿದ್ಯಾರ್ಥಿಗಳಿಗೆ ಹೇಳದೆ ಇರಲಾರೆ. ಕಾಗದದ ಕಾರ್ಖಾನೆಗಳಿಗೆ ಸರಕಾರ ಬಿದಿರನ್ನು ಪೇಟೆಯ ಬೆಲೆಗಿಂತ ತೀರ ಅಗ್ಗವಾಗಿ ಕೊಡುತ್ತಿದ್ದ ಕಾಲದಲ್ಲಿ ಬುಟ್ಟಿ ಹೆಣೆಯುವ ಮೇದಾರರಿಗೆ ಬಿದಿರು ಸಿಗದಾಯಿತು. ಕಾಡು ಬರಿದಾದದ್ದಕ್ಕೆ ಹಳ್ಳಿಯವರೂ ಅವರ ದನಗಳೂ ಕಾರಣವೆಂದು ಅಧಿಕಾರಿಗಳು ಹೇಳುತ್ತಿದ್ದರು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಈ ಜಿಲ್ಲೆಯ ಕಾಡುಗಳಲ್ಲಿ ಅಧ್ಯಯನ ನಡೆಸಿದಾಗ ಬೇರೆಯ ಸಂಗತಿ ಹೊರಬಿತ್ತು. ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳು ಹೆಣೆದುಕೊಂಡಿರುತ್ತವೆ. ಮೆಳೆಗೆ ಒಳ್ಳೆಯದೆಂದು ಅದನ್ನು ಕಡಿದು ಸ್ವಚ್ಛಗೊಳಿಸುವ ಪದ್ಧತಿಯಿತ್ತು. ಹಾಗೆ ಮಾಡಿದರೆ ಎಳೆಯ ಕಳಲೆಗೆ ಕಾವಲು ತಪ್ಪುತ್ತದೆ, ದನವೂ ಕಾಡುಪ್ರಾಣಿಯೂ ಮೇಯ್ದುಬಿಡುತ್ತವೆ ಎಂದು ಹಳ್ಳಿಯವರು ಹೇಳುತ್ತಲೇ ಇದ್ದರು. ಅಳೆದು ನೋಡಿದಾಗ ಅವರ ಮಾತೇ ನಿಜವಾಯಿತು. ಮುಳ್ಳು ಬಿದಿರಿನ ದೋಷವಲ್ಲ, ಅದರ ಬೇಲಿ. ಈಗ ಕಾಗದಕ್ಕೆ ನೆಡುತೋಪಿನ ಮರವೇ ಹೆಚ್ಚಾಗಿ ಬರುತ್ತದೆ. ಮೇದಾರರ ಬುಟ್ಟಿಯ ಜಾಗಕ್ಕೆ ಪ್ಲಾಸ್ಟಿಕ್ಕು ಬಂದಿದೆ.

ಜೋಯಿಡಾಕ್ಕೆ ಬರೋಣ. ಈ ತಾಲೂಕಿಗೆ ಹಿಂದೆ ಸೂಪಾ ಎಂದು ಹೆಸರು. ಕಾಳಿನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಊರೇ ನೀರಿನಡಿಗೆ ಹೋಯಿತು. ನಾಡಿಗೆಲ್ಲ ದೀಪ ಬಂತು. ಅಲ್ಲಿನ ಕುಣಬಿಗಳು ಕಾಡಿನ ನಡುವಣ ಸಣ್ಣ ಸಣ್ಣ ಊರುಗಳಲ್ಲಿ ಬಾಳುವವರು, ಮನೆಮಾತು ಕೊಂಕಣಿ. ಹಿಂದೆ ಇವರ ಬೇಸಾಯ ಕುಮರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಅರಣ್ಯಾಡಳಿತ ಅದನ್ನು ಅಡಗಿಸಿತು. ಉಳಿದದ್ದು ಗದ್ದೆಯ ತುಂಡು, ಹಿತ್ತಿಲು, ಆ ಹಿತ್ತಿಲಿನಲ್ಲಿ ಗಡ್ಡೆಗೆಣಸು. ಕೆಲವು ವರ್ಷಗಳಿಂದ ಚಳಿಗಾಲದಲ್ಲಿ ಜೋಯಿಡಾದಲ್ಲಿ ಗಡ್ಡೆಗೆಣಸು ಮೇಳ ನಡೆಯುತ್ತಿದೆ. ಅದು ಸಪ್ತಾಹವೂ ಅಲ್ಲ, ಮಹೋತ್ಸವವೂ ಅಲ್ಲ. ಆದರೆ ಪರಿಸರದೊಡನೆ ಬಾಳುವ ಬಗೆಯನ್ನು ಕಲಿಸುವ ಹಬ್ಬವೊಂದು ನಮ್ಮ ಸೀಮೆಯಲ್ಲಿದ್ದರೆ ಅದು ಇದೇ ಎಂದು ನನ್ನ ಅಭಿಪ್ರಾಯ.

ವಿದ್ಯಾರ್ಥಿಗಳೊಡನೆ ಹೋಗಿದ್ದಾಗ ನೋಡಿದೆ: ತೋಳುದ್ದದ ಮುಡ್ಲಿ, ಮಣ್ಣು ಮೆತ್ತಿದ ಕೋನ, ಮುಳ್ಳುಬೇರಿನ ನಡುವೆ ಬೆಳೆವ ಕಣಗ, ಒಳಗೆ ನೇರಳೆ ಬಣ್ಣದ ಗೆಣಸು. ಮಳೆಗೆ ಮುಂಚೆ ನೆಟ್ಟರೆ ಮಳೆಯ ನೀರಿನಲ್ಲೇ ಬೆಳೆದು, ಬಳ್ಳಿ ಒಣಗಿದ ಮೇಲೆ ಅಗೆತಕ್ಕೆ ಬರುವಂಥವು. ಪೇಟೆಯಿಂದ ಗೊಬ್ಬರವಿಲ್ಲ, ಔಷಧವಿಲ್ಲ. ಅಕ್ಕಿ ತೀರಿದ ದಿನಗಳಲ್ಲಿ ಮನೆಯನ್ನು ಕಾದದ್ದು ಇವೇ. ಒಬ್ಬಳು ವಿದ್ಯಾರ್ಥಿನಿ ಗಡ್ಡೆ ಮಾರಲು ಕೂತಿದ್ದ ವೃದ್ಧೆಯನ್ನು, “ಅಜ್ಜೀ, ಕಾಡಿನ ಗೆಣಸನ್ನೂ ಅಗೆಯುತ್ತೀರಾ? ಮುಗಿದುಹೋಗುವುದಿಲ್ಲವೇ?” ಎಂದು ಕೇಳಿದಳು. ಆಕೆ ನಕ್ಕು, “ತಲೆ ತುಂಡು ಗುಂಡಿಗೇ ಹಾಕಿ ಮಣ್ಣು ಮುಚ್ಚಬೇಕು ಮಗಳೇ. ಇಲ್ಲದಿದ್ದರೆ ಮುಂದಿನ ವರ್ಷ ಯಾರ ಮನೆಗೆ ಹೋಗುವುದು?” ಎಂದಳು. ಆಕೆಯ ಕನ್ನಡದಲ್ಲಿ ಕೊಂಕಣಿಯ ರಾಗವಿತ್ತು. ನನ್ನ ತರಗತಿಯ ಟಿಪ್ಪಣಿಪುಸ್ತಕಗಳಲ್ಲಿ ಅಂದು ಬರೆದುಕೊಳ್ಳಲ್ಪಟ್ಟ ವಾಕ್ಯ ಅದೊಂದೇ.

ಹಳಿಯಾಳ-ಮುಂಡಗೋಡಗಳ ಸಿದ್ದಿ ಹೆಂಗಸರ ಕೌದಿಯೂ ಇದೇ ಜಾತಿಯದು. ಹಳೆಯ ಸೀರೆ, ಹರಿದ ಅಂಗಿ, ಮಗುವಿಗೆ ಚಿಕ್ಕದಾದ ಲಂಗ, ಇವುಗಳ ತುಂಡುಗಳನ್ನು ಅಂಚಿನಿಂದ ಹೊಲಿಯಲಾರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಲ್ಲಿ ‘ಹೂವು’ ಕೂಡಿಸದಿದ್ದರೆ ಕೌದಿ ಬತ್ತಲೆಯೆಂದು ಅವರ ಭಾವನೆ. ವಸ್ತುವನ್ನು ಮತ್ತೆ ಬಳಸುವುದೆಂದರೆ ಬಡತನದ ಗುರುತೆಂದು ನಾಚುವ ನಮ್ಮಂಥವರು ಆ ಹೂವನ್ನು ಗಮನಿಸಬೇಕು. ಚಿಂದಿಗೂ ಶೃಂಗಾರ ಬೇಕೆನ್ನುವವರು ಅವರು.

ಮುಂಡಗೋಡದಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟನ್ನರ ಕಥೆ ಬೇರೆಯೇ ಲೇಖನವನ್ನು ಬೇಡುತ್ತದೆ. ಹಿಮದ ನಾಡಿನವರು ಈ ಮಲೆನಾಡಿನ ಸೆರಗಿನಲ್ಲಿ ಗೋವಿನಜೋಳ ಬೆಳೆಯಲು ಕಲಿತರು ಎಂಬಷ್ಟನ್ನು ಹೇಳಿ ಮುಂದುವರಿಯುತ್ತೇನೆ.

ನಮ್ಮ ಜಿಲ್ಲೆ ಲೋಕಕ್ಕೆ ಒಂದು ಘೋಷಣೆಯನ್ನು ಕೊಟ್ಟಿದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಆ ಅಪ್ಪಿಕೋ ಚಳವಳಿಯ ಮಾತು: ಉಳಿಸು, ಬೆಳೆಸು, ಬಳಸು. ವ್ಯಾಕರಣ ಹೇಳುವವನ ಚಟದಿಂದ ಇದನ್ನು ತರಗತಿಯಲ್ಲಿ ಬಿಡಿಸುವುದುಂಟು. ಮೊದಲೆರಡು ಪ್ರೇರಣಾರ್ಥಕಗಳು: ಉಳಿಯುವುದು, ಬೆಳೆಯುವುದು ಮರದ ಕೆಲಸ, ಹಾಗಾಗುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಮೂರನೆಯದು ಹಾಗಲ್ಲ. ‘ಬಳಸು’ ಎಂಬುದು ತಾನೇ ಧಾತು. ಅದಕ್ಕೆ ಉಪಯೋಗಿಸು ಎಂಬ ಅರ್ಥವಿರುವಂತೆ ಸುತ್ತುವರಿ, ತೋಳಿನಿಂದ ತಬ್ಬು ಎಂಬ ಅರ್ಥವೂ ಉಂಟು. ಘೋಷಣೆ ಕಟ್ಟಿದವರು ಇದನ್ನು ಎಣಿಸಿಯೇ ಕಟ್ಟಿದರೋ ಇಲ್ಲವೋ, ಅಪ್ಪುಗೆಯಂತೂ ಆ ಪದದೊಳಗೇ ಕೂತಿದೆ.

ಇದನ್ನು ಕೇಳಿದ ವಿದ್ಯಾರ್ಥಿಗಳು ಮೆಚ್ಚಿದರು. ಆದರೆ ಒಬ್ಬ ಹಳಿಯಾಳದ ಹುಡುಗ, “ಸರ್, ಹೋದ ವರ್ಷ ನೆಟ್ಟ ಗಿಡಗಳಲ್ಲಿ ಎಷ್ಟು ಉಳಿದಿವೆ?” ಎಂದು ಎದ್ದು ನಿಂತ. ಎಲ್ಲರೂ ಹೊರಗೆ ಹೋಗಿ ಎಣಿಸಿದೆವು. ನಲವತ್ತರಲ್ಲಿ ಹನ್ನೊಂದಿದ್ದವು. ಅವುಗಳ ಹೆಸರು ಕೇಳಿದರೆ ನಾಲ್ಕಕ್ಕೆ ಮಾತ್ರ ಉತ್ತರ ಬಂತು. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತೆಂಬುದು ಮಾತ್ರ ಎಲ್ಲರಿಗೂ ಬಾಯಿಪಾಠವಾಗಿತ್ತು.

ಭಜನೆಯ ಪಾಳಿಯನ್ನು ನೆನಪಿಸಿದವನೂ ಆ ಹುಡುಗನೇ. ಅವನ ಮನೆಯವರಿಗೆ ಪ್ರತಿವರ್ಷ ಬೆಳಗಿನ ಜಾವದ ಪಾಳಿಯಂತೆ. ಈ ಸಲ ಜುಲೈಯಲ್ಲಿ ನಾವು ನೆಟ್ಟದ್ದು ಇಪ್ಪತ್ತೇ ಗಿಡ: ಹಲಸು, ನೇರಳೆ, ಮುರುಗಲು, ನಾಲ್ಕು ಬಿದಿರು. ಫೆಬ್ರವರಿಯಿಂದ ಮಳೆ ಬೀಳುವವರೆಗೆ ಯಾವ ವಾರ ಯಾರದೆಂದು ಪಟ್ಟಿ ಬರೆದು ಗ್ರಂಥಾಲಯದ ಬಾಗಿಲಿಗೆ ಅಂಟಿಸಿದ್ದಾರೆ. ಪರೀಕ್ಷೆಯ ವಾರಗಳನ್ನು ವಿದ್ಯಾರ್ಥಿಗಳು ಜಾಣತನದಿಂದ ಅಧ್ಯಾಪಕರ ಪಾಲಿಗೆ ಬಿಟ್ಟಿದ್ದಾರೆ. ಏಪ್ರಿಲ್ ಎರಡನೆಯ ವಾರ ನನ್ನದು.