ತುರ್ತು ಗರ್ಭನಿರೋಧಕಕ್ಕೆ ವಿಮೆ: ನಂಬಿಕೆ ಏನು, ನಿಜ ಏನು

ತುರ್ತು ಗರ್ಭನಿರೋಧಕ ಮಾತ್ರೆಯ ಖರ್ಚನ್ನು ಭಾರತದ ಆರೋಗ್ಯ ವಿಮೆ ಸಾಮಾನ್ಯವಾಗಿ ಭರಿಸುವುದಿಲ್ಲ. ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಇದಕ್ಕೆ ವಿರುದ್ಧವಾದ ನಂಬಿಕೆ ಹುಟ್ಟುವುದು ಸಹಜ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಹೋಗಿ ಅಲ್ಲಿನ ಐಟಿ ಕಂಪನಿ ಸೇರಿದವರಿಗೆ ಕೆಲಸದ ಜೊತೆಗೇ ಲಕ್ಷಗಳ ಗುಂಪು ವಿಮೆ ಸಿಗುತ್ತದೆ. ಅಷ್ಟು ದೊಡ್ಡ ಮೊತ್ತದಲ್ಲಿ ಮೆಡಿಕಲ್ ಶಾಪಿನ ಸಣ್ಣ ಬಿಲ್ಲು ಯಾವ ಲೆಕ್ಕ ಎನಿಸುತ್ತದೆ.

ಲೆಕ್ಕ ಇರುವುದು ಪಾಲಿಸಿಯ ಕೊನೆಯ ಪುಟಗಳಲ್ಲಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರಲ್ಲಿ ವಿಮೆಯಿಂದ ಹೊರಗಿಡುವ ಖರ್ಚುಗಳಿಗೆ ಏಕರೂಪದ ಒಕ್ಕಣೆ ಕೊಟ್ಟಿತು. ಅದರ 17ನೇ ಸಂಕೇತದಡಿ ‘ಯಾವುದೇ ಬಗೆಯ ಗರ್ಭನಿರೋಧಕ’ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆ ಬರುತ್ತವೆ. ಬಂಜೆತನದ ಚಿಕಿತ್ಸೆ, ಬಾಡಿಗೆ ತಾಯ್ತನವೂ ಅದೇ ಕಲಮಿನಲ್ಲಿವೆ. ಮಗು ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಒಂದೇ ಬಾಗಿಲು ಮುಚ್ಚಿದೆ. ಅದಲ್ಲದೆ, ಹೆಚ್ಚಿನ ಪಾಲಿಸಿಗಳು ಹಣ ಕೊಡುವುದು ಆಸ್ಪತ್ರೆಗೆ ದಾಖಲಾದರೆ ಮಾತ್ರ. ಕಂಪನಿ ಹೊರರೋಗಿ ಸೌಲಭ್ಯವನ್ನು ಸೇರಿಸಿದ್ದರೂ ಗರ್ಭನಿರೋಧಕ ಅದರಲ್ಲಿದೆಯೇ ಎಂಬುದನ್ನು ಆ ಪಾಲಿಸಿಯ ಕಾಗದದಲ್ಲೇ ಹುಡುಕಬೇಕು. ತೆಲಂಗಾಣದ ಆರೋಗ್ಯಶ್ರೀ ಯೋಜನೆಯ ಮಿತಿ 2023ರ ಡಿಸೆಂಬರ್‌ನಲ್ಲಿ 10 ಲಕ್ಷಕ್ಕೇರಿದರೂ ಅದು ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆ ಚಿಕಿತ್ಸೆಗಳಿಗೆ, ಅಂಗಡಿಯ ಮಾತ್ರೆಗಲ್ಲ.

ಗರ್ಭನಿರೋಧಕವನ್ನು ವಿಮೆ ಉಚಿತವಾಗಿ ಕೊಡಲೇಬೇಕು ಎಂಬ ಮಾತು ಅಮೆರಿಕದ್ದು. ಅಲ್ಲಿನ 2010ರ ಆರೋಗ್ಯ ಕಾನೂನಿನಿಂದ ಬಂದ ಆ ನಿಯಮ ಹೆಚ್ಚಿನ ಖಾಸಗಿ ವಿಮೆಗಳಿಗೆ ಅನ್ವಯಿಸುತ್ತದೆ. ಕಂಪನಿಯ ಮೂಲ ಕಚೇರಿ ಅಮೆರಿಕದಲ್ಲಿದೆ ಎಂದಮಾತ್ರಕ್ಕೆ ಅದು ಗಚ್ಚಿಬೌಲಿಯ ನೌಕರರಿಗೆ ಲಾಗೂ ಆಗುವುದಿಲ್ಲ.

ವೈದ್ಯರ ಚೀಟಿ ಬೇಕು, ಹಾಗಾಗಿ ಅವರ ಫೀಸೂ ಸೇರಿ ಸಾವಿರ ದಾಟುತ್ತದೆ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ತುರ್ತು ಗರ್ಭನಿರೋಧಕವಾಗಿ ಬಳಸುವ ಲೆವೊನಾರ್ಜೆಸ್ಟ್ರೆಲ್ ಮಾತ್ರೆ 2005ರಿಂದಲೇ ಚೀಟಿಯಿಲ್ಲದೆ ಸಿಗುತ್ತದೆ. ಅಂಗಡಿಯಲ್ಲಿ ಒಂದಕ್ಕೆ ಸುಮಾರು ನೂರು ರೂಪಾಯಿ; ಗರ್ಭನಿರೋಧಕಗಳ ಮೇಲೆ ಜಿಎಸ್‌ಟಿಯೂ ಇಲ್ಲ. ಐ-ಪಿಲ್ ಇರಲಿ, ಅನ್‌ವಾಂಟೆಡ್-72 ಇರಲಿ, ಒಳಗಿರುವುದು ಅದೇ 1.5 ಮಿಲಿಗ್ರಾಂ ಔಷಧಿ. ದುಬಾರಿ ಪೊಟ್ಟಣ ಹೆಚ್ಚು ಪರಿಣಾಮಕಾರಿ ಎಂಬುದಕ್ಕೆ ಆಧಾರವಿಲ್ಲ. ಇದೇ ಮಾತ್ರೆ ಕುಟುಂಬ ಕಲ್ಯಾಣ ಕಾರ್ಯಕ್ರಮದಡಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. 2011ರಲ್ಲಿ ಶುರುವಾದ ಮನೆಬಾಗಿಲ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಗೆ ನಿಗದಿಯಾದ ಬೆಲೆ ಎರಡು ರೂಪಾಯಿ. ಕೈಯಿಂದ ನೂರು ರೂಪಾಯಿ ಕೊಡುವವರು ಬಹುಪಾಲು ಕೊಡುತ್ತಿರುವುದು ಗುಟ್ಟಿಗೆ, ಮಾತ್ರೆಗಲ್ಲ.

ಖರ್ಚು ನಿಜಕ್ಕೂ ಬೆಳೆಯುವುದು ತಡಮಾಡಿದಾಗ. ಮಾತ್ರೆ ಅಂಡಾಣು ಬಿಡುಗಡೆಯನ್ನು ಮುಂದೂಡುತ್ತದೆ, ಅಷ್ಟೇ; ಅಂಡಾಣು ಬಿಡುಗಡೆಯಾದ ಮೇಲೆ ನುಂಗಿದರೆ ಹಣ ದಂಡ. 72 ಗಂಟೆಯ ಒಳಗೆ, ಆದಷ್ಟು ಬೇಗ ತೆಗೆದುಕೊಳ್ಳಬೇಕು. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಬೇಕು. ಕ್ಷಯಕ್ಕೆ ರಿಫಾಂಪಿಸಿನ್ ಸೇವಿಸುತ್ತಿರುವವರಲ್ಲಿ ಮಾತ್ರೆಯ ಪರಿಣಾಮ ಕುಗ್ಗುತ್ತದೆ. ಇಂಥವರಿಗೆ ಐದು ದಿನದೊಳಗೆ ಹಾಕಿಸಿಕೊಳ್ಳುವ ಕಾಪರ್-ಟಿ, ಅಂದರೆ ವಂಕಿ, ಮಾತ್ರೆಗಿಂತ ಹೆಚ್ಚು ಖಾತರಿ. ಖಾಸಗಿ ಆಸ್ಪತ್ರೆಯಲ್ಲಿ ಸಲಹೆಯ ಫೀಸು ಸೇರಿ ಬಿಲ್ಲು ಸಾವಿರಗಳಿಗೆ ಹೋಗಬಹುದು, ಅದೂ ವಿಮೆಯ ಹೊರಗೆ. ಸರ್ಕಾರಿ ಆಸ್ಪತ್ರೆಗಳಲ್ಲಿ ವಂಕಿಗೆ ದುಡ್ಡಿಲ್ಲ. ಗಚ್ಚಿಬೌಲಿಗೆ ಹತ್ತಿರದ ಕೊಂಡಾಪುರದಲ್ಲಿ ಸರ್ಕಾರಿ ಆಸ್ಪತ್ರೆ ಇದೆ.

ಈ ಮಾತ್ರೆಯನ್ನು ಗರ್ಭಪಾತದ ಮಾತ್ರೆಯೆಂದು ತಿಳಿಯುವವರೂ ಇದ್ದಾರೆ. ನಿಂತ ಗರ್ಭಕ್ಕೆ ಇದು ಏನೂ ಮಾಡುವುದಿಲ್ಲ. ಗರ್ಭಪಾತಕ್ಕೆ ಬಳಸುವ ಮಿಫೆಪ್ರಿಸ್ಟೋನ್-ಮಿಸೊಪ್ರೊಸ್ಟಾಲ್ ಬೇರೆಯೇ ಔಷಧಿ. 1971ರ ಕಾಯ್ದೆಯಂತೆ ಅದನ್ನು ಅರ್ಹ ವೈದ್ಯರೇ ಕೊಡಬೇಕು. ಕಾನೂನುಬದ್ಧ ಗರ್ಭಪಾತದ ಖರ್ಚು ಐಆರ್‌ಡಿಎಐನ 18ನೇ ಸಂಕೇತದ ಹೆರಿಗೆ ಕಲಮಿನಲ್ಲಿ ಸೇರಿದೆ. ಹಾಗಾಗಿ ಹೆರಿಗೆ ಸೌಲಭ್ಯವಿಲ್ಲದ ಪಾಲಿಸಿಯಲ್ಲಿ ಆ ಕ್ಲೇಮ್ ತಿರಸ್ಕೃತವಾಗುತ್ತದೆ. ಸೌಲಭ್ಯವಿರುವ ಗುಂಪು ವಿಮೆಯಲ್ಲಿ ಸಿಗುವ ಸಾಧ್ಯತೆ ಇದೆ. ಆದರೆ ಗರ್ಭನಾಳದಲ್ಲೇ ಪಿಂಡ ಬೆಳೆಯುವ ಅಪಾಯಕಾರಿ ಸ್ಥಿತಿಗೆ ಈ 18ನೇ ಸಂಕೇತವೇ ವಿನಾಯಿತಿ ಕೊಟ್ಟಿದೆ. ಅದಕ್ಕಾಗಿ ಆಸ್ಪತ್ರೆಗೆ ದಾಖಲಾದರೆ, ಹೆರಿಗೆ ಸೌಲಭ್ಯ ಇಲ್ಲದವರೂ ಕ್ಲೇಮ್ ಹಾಕಬಹುದು.