ನಿಮಗಿದು ಗೊತ್ತೆ? ಟವರ್ ಇಲ್ಲದೆಡೆ ಜೀಬ್ರಾಗಳೇ ಜಾಲ!

ಕೆನ್ಯಾದ ಜೀಬ್ರಾಗಳ ಓಡಾಟ ಅರಿಯಲು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಅವುಗಳ ಕೊರಳಿಗೆ ಜಿಪಿಎಸ್ ಪಟ್ಟಿ ತೊಡಿಸಿದರು. ಯೋಜನೆಯ ಹೆಸರು ‘ಜೀಬ್ರಾನೆಟ್’.

• ಆ ವಿಶಾಲ ಬಯಲಿನಲ್ಲಿ ಮೊಬೈಲ್ ಸಂಪರ್ಕವನ್ನು ನೆಚ್ಚುವಂತಿರಲಿಲ್ಲ. ಹಾಗಾಗಿ ಪ್ರತಿ ಪಟ್ಟಿಯೂ ತಾನಿರುವ ಜಾಗವನ್ನು ಆಗಾಗ ಗುರುತಿಸಿ, ತನ್ನಲ್ಲೇ ಕೂಡಿಟ್ಟುಕೊಳ್ಳುತ್ತಿತ್ತು.

• ಎರಡು ಜೀಬ್ರಾಗಳು ಹತ್ತಿರ ಬಂದಾಗ ಪಟ್ಟಿಗಳು ರೇಡಿಯೊ ಮೂಲಕ ಮಾಹಿತಿಯನ್ನು ಪರಸ್ಪರ ನಕಲು ಮಾಡಿಕೊಳ್ಳುವಂತೆ ರೂಪಿಸಲಾಗಿತ್ತು.

• ಇದರಿಂದ ಸಂಶೋಧಕರ ವಾಹನಕ್ಕೆ ಒಂದೇ ಜೀಬ್ರಾ ಸಿಕ್ಕರೂ ದೂರದಲ್ಲಿರುವ ಹಲವು ಜೀಬ್ರಾಗಳ ಜಾಡು ತಿಳಿಯಲು ಸಾಧ್ಯ.

• ಪಟ್ಟಿಯ ಬ್ಯಾಟರಿಗೆ ಬಿಸಿಲೇ ಆಸರೆ. ಸೌರಕೋಶಗಳು ಅದನ್ನು ಚಾರ್ಜ್ ಮಾಡುತ್ತಿದ್ದವು.

• ಮಾಹಿತಿ ಸಂಶೋಧಕರ ಕೈಸೇರಿದ ಮೇಲೆ ಉಳಿದ ನಕಲುಗಳನ್ನು ಅಳಿಸಿ ಜಾಗ ತೆರವು ಮಾಡುವ ಏರ್ಪಾಡೂ ಈ ವಿನ್ಯಾಸದಲ್ಲಿತ್ತು.